ಸಭಾಪಾಲಕರ ಮುಂದಿನ ಓದು: ಎಲ್ಲಿಂದ ಶುರು ಮಾಡಬೇಕು, ಯಾರ ಜೊತೆ, ಹೇಗೆ

ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿ, ಪಾಸ್ಟರಾಗಿ ಅಭಿಷೇಕವಾಗಿ ಮೊದಲ ಸಭೆಗೆ (ಚರ್ಚಿಗೆ) ಹೋದವರಲ್ಲಿ ಎಷ್ಟೋ ಜನ ಪುಸ್ತಕದ ಪೆಟ್ಟಿಗೆಯನ್ನು ಮತ್ತೆ ಬಿಚ್ಚುವುದೇ ಇಲ್ಲ. ಅದು ಸೋಮಾರಿತನ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಭಾನುವಾರ ಎರಡು ಆರಾಧನೆ, ಬುಧವಾರ ಮನೆಪ್ರಾರ್ಥನೆ, ಶುಕ್ರವಾರ ಉಪವಾಸ ಕೂಟ. ನಡುವೆ ಕೆ.ಆರ್. ಆಸ್ಪತ್ರೆಯಲ್ಲಿ ಯಾರೋ ಅಡ್ಮಿಟ್ ಆಗಿರುತ್ತಾರೆ, ಸಮಾಧಿ ಜಾಗದ ಪಹಣಿಗೆ ತಾಲ್ಲೂಕು ಕಚೇರಿ ಅಲೆಯಬೇಕಿರುತ್ತದೆ. ಮದ್ದೂರು, ಕೆ.ಆರ್. ಪೇಟೆ ಕಡೆಯ ಸ್ವತಂತ್ರ ಸಭೆಗಳ ಪಾಸ್ಟರುಗಳಲ್ಲಿ ಇಷ್ಟರ ಮೇಲೆ ಆಟೊ ಓಡಿಸುವವರಿದ್ದಾರೆ, ಬಟ್ಟೆ ಹೊಲಿಯುವವರಿದ್ದಾರೆ. ‘ಓದಕ್ಕೆ ಪುರುಸೊತ್ತು ಎಲ್ಲೈತೆ ಅಯ್ಯಾ?’ ಎಂದು ಅವರು ಕೇಳಿದರೆ ಅದು ನಿಜವಾದ ಪ್ರಶ್ನೆ.

ಆದರೂ ಓದು ಬೇಕು. ಹದಿನೈದು ವರ್ಷದ ಹಿಂದಿನ ಟಿಪ್ಪಣಿಯಿಂದಲೇ ಇವತ್ತೂ ಪ್ರಸಂಗ (ಆರಾಧನೆಯ ಉಪದೇಶ) ಮಾಡುತ್ತಿದ್ದರೆ, ಅದು ಮೊದಲು ಗೊತ್ತಾಗುವುದು ಹಿಂದಿನ ಬೆಂಚಿನಲ್ಲಿ ಕೂತ ಹುಡುಗರಿಗೆ. ಮುಂದಿನ ಓದು ಅಂದ ತಕ್ಷಣ ನಮ್ಮಲ್ಲಿ ಬಹುಪಾಲು ಜನ ‘ಯಾವ ಕೋರ್ಸ್ ಸೇರಲಿ, ಯಾವ ಡಿಗ್ರಿ ಸಿಗುತ್ತೆ’ ಅನ್ನುವಲ್ಲಿಂದ ಹೊರಡುತ್ತಾರೆ. ನನ್ನ ಮಟ್ಟಿಗೆ ಅದು ತಲೆಕೆಳಗಾದ ದಾರಿ. ಕೋರ್ಸಿನ ಮಾತನ್ನು ಈ ಲೇಖನದಲ್ಲಿ ಐದನೆಯ ಹೆಜ್ಜೆಗೆ ಇಟ್ಟಿದ್ದೇನೆ.

ನಾನು ಬರೆಯುತ್ತಿರುವುದು ಮೈಸೂರು, ಮಂಡ್ಯ ಜಿಲ್ಲೆಗಳ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥಡಿಸ್ಟ್ ಮತ್ತು ಸ್ವತಂತ್ರ ಸಭೆಗಳವರನ್ನು ಕಣ್ಣ ಮುಂದೆ ಇಟ್ಟುಕೊಂಡು. ಕಥೋಲಿಕ ಗುರುಗಳಿಗೆ ಅವರದೇ ವ್ಯವಸ್ಥೆ ಇದೆ. ಆದರೂ ಬೇಕಾದ್ದನ್ನು ಅವರು ಆರಿಸಿಕೊಳ್ಳಬಹುದು.

ಹೆಜ್ಜೆ 1: ಎಲ್ಲಿ ಕೈಸೋತಿರಿ ಎಂದು ಬರೆದುಕೊಳ್ಳಿ

ಒಂದು ಸಾದಾ ನೋಟ್‌ಬುಕ್ ತೆಗೆದುಕೊಳ್ಳಿ. ನಾಲ್ಕು ಸೋಮವಾರ, ಹಿಂದಿನ ವಾರವನ್ನು ನೆನೆದು ಎರಡೇ ವಿಷಯ ಬರೆಯಿರಿ. ಯಾರ ಯಾವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ? ಎಲ್ಲಿ ನಾನು ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದೆ? ಪ್ರಸಂಗ ಚೆನ್ನಾಗಿತ್ತೋ ಇಲ್ಲವೋ ಅನ್ನುವ ವಿಷಯ ಈ ಪುಸ್ತಕಕ್ಕೆ ಬೇಡ.

ಮಂಡ್ಯದ ಕಡೆಯ ಪುಸ್ತಕದಲ್ಲಿ ಏನು ಬರಬಹುದು? ಕಬ್ಬು ಕಟಾವಾಗಿ ತಿಂಗಳುಗಳಾದರೂ ಹಣ ಬಂದಿಲ್ಲ, ಸಂಘದ ಸಾಲದವರು ವಾರವಾರ ಬಾಗಿಲಿಗೆ ಬರುತ್ತಾರೆ, ಹೆಂಡತಿಯ ಓಲೆ ಅಡವಿಟ್ಟಾಗಿದೆ. ಆ ಮನೆಯಲ್ಲಿ ಪ್ರಾರ್ಥನೆ ಮಾಡಿ ಎದ್ದು ಬಂದಿರಿ. ಬರುವಾಗ ಹೇಳಲು ಬೇರೇನಾದರೂ ಇತ್ತೆ? ಮೈಸೂರಿನದಾದರೆ ಚಿತ್ರ ಬೇರೆ. ಹೆಬ್ಬಾಳದ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗ ‘ಅಯ್ಯನವರೇ, ಕಂಪ್ಯೂಟರೇ ಪ್ರಸಂಗ ಬರೆದುಕೊಡುತ್ತಲ್ಲ, ನೀವ್ಯಾಕೆ?’ ಎಂದು ನಗುತ್ತ ಕೇಳಿದ. ಮಕ್ಕಳೆಲ್ಲ ಹೊರದೇಶಕ್ಕೆ ಹೋಗಿ ಒಂಟಿಯಾದ ದಂಪತಿ ಸಮಾಧಿಯ ಜಾಗವನ್ನು ಈಗಲೇ ಕಾದಿರಿಸಬಹುದೇ ಎಂದರು. ಎರಡೂ ಊರಿನಲ್ಲಿ ಬರುವ ಇನ್ನೊಂದು ಸಾಲಿದೆ: ಗಂಡ ಹೊಡೆಯುತ್ತಾನೆ ಎಂದು ಬಂದ ಹೆಣ್ಣುಮಗಳಿಗೆ ‘ತಾಳ್ಮೆಯಿಂದ ಪ್ರಾರ್ಥನೆ ಮಾಡಮ್ಮ’ ಎಂದು ಹೇಳಿ ಕಳಿಸಿದ್ದು.

ನಾಲ್ಕು ವಾರದ ಮೇಲೆ ಓದಿ ನೋಡಿ. ಬರೆದದ್ದು ಸಾಮಾನ್ಯವಾಗಿ ಮೂರು ಗುಂಪಾಗುತ್ತದೆ: ವೇದಕ್ಕೆ (ಬೈಬಲಿಗೆ) ಸಂಬಂಧಿಸಿದ್ದು, ಜನರಿಗೆ ಸಂಬಂಧಿಸಿದ್ದು, ಕಚೇರಿ–ಕಾನೂನು–ಲೆಕ್ಕಕ್ಕೆ ಸಂಬಂಧಿಸಿದ್ದು. ಯಾವುದರಲ್ಲಿ ಸಾಲುಗಳು ಹೆಚ್ಚಿವೆಯೋ ಅದೇ ಈ ವರ್ಷದ ಪಾಠ. ಒಂದೇ. ಮೂರನ್ನೂ ಹಿಡಿಯಲು ಹೋದವರು ಆಗಸ್ಟ್ ಹೊತ್ತಿಗೆ ಮೂರನ್ನೂ ಬಿಟ್ಟಿರುತ್ತಾರೆ.

ಹೆಜ್ಜೆ 2: ಸಮಯವನ್ನು ಕಮಿಟಿಯ ಎದುರೇ ಕೇಳಿ

ಕದ್ದು ಓದಬೇಡಿ. ಪಾಸ್ಟರೇಟ್ ಕಮಿಟಿಯಲ್ಲಿ, ಅಂದರೆ ಚರ್ಚಿನ ಆಡಳಿತ ಸಮಿತಿಯಲ್ಲಿ, ನಿಂತು, ‘ವಾರಕ್ಕೆ ಎರಡು ಬೆಳಿಗ್ಗೆ, ಆರರಿಂದ ಎಂಟು, ನಾನು ಓದುತ್ತಿರುತ್ತೇನೆ. ಸಾವು, ಅಪಘಾತ ಬಿಟ್ಟು ಬೇರೆಯದಕ್ಕೆ ಎಂಟರ ಮೇಲೆ ಫೋನ್ ಮಾಡಿ’ ಎಂದು ಹೇಳಿ. ಮೊದಲ ತಿಂಗಳು ಗೊಣಗುತ್ತಾರೆ. ಆಮೇಲೆ ಕಮಿಟಿಯವರೇ ಬೇರೆಯವರಿಗೆ ‘ಅಯ್ಯನವರು ಓದ್ತಾ ಇರ್ತಾರೆ, ಆಮೇಲೆ ಮಾಡಿ’ ಅನ್ನುತ್ತಾರೆ.

ವರ್ಷದಲ್ಲಿ ಯಾವ ತಿಂಗಳು ಅನ್ನುವುದೂ ಮುಖ್ಯ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನಿಂದ ಈಸ್ಟರ್‌ವರೆಗೆ ಉಸಿರಾಡಲು ಬಿಡುವಿಲ್ಲ. ಲೆಂಟ್‌ನಲ್ಲಿ ಮದುವೆ ಮಾಡದ ಸಭೆಗಳಲ್ಲಿ ಈಸ್ಟರ್ ಆದ ಕೂಡಲೇ ಮದುವೆಗಳ ಸಾಲು ಶುರು. ನವೆಂಬರ್ ಕೊನೆಯಿಂದ ಕ್ರಿಸ್‌ಮಸ್ ಕ್ಯಾರೊಲ್, ನಾಟಕ, ಹೊಸ ವರ್ಷದ ಮಧ್ಯರಾತ್ರಿ ಆರಾಧನೆ. ಹಾಗಾಗಿ ಜೂನ್‌ನಿಂದ ಅಕ್ಟೋಬರ್ ನಮ್ಮ ಓದಿನ ಕಾಲ. ಮಕ್ಕಳಿಗೆ ಶಾಲೆ ಶುರುವಾದಾಗ ನಿಮಗೂ ಶುರುವಾಗಲಿ.

ದುಡ್ಡಿನ ವಿಷಯಕ್ಕೆ ನಾಚಿಕೆ ಬೇಡ. ಚರ್ಚಿನ ಸುಣ್ಣಬಣ್ಣಕ್ಕೆ, ಸ್ಪೀಕರ್ ಬಾಕ್ಸಿಗೆ ಬಜೆಟ್ ಇದೆ ಅಂದರೆ ಪುಸ್ತಕಕ್ಕೂ ಒಂದು ಸಾಲು ಇರಬೇಕು. ವಾರ್ಷಿಕ ಬಜೆಟ್ ಬರೆಯುವ ಸಭೆಗೆ ಮುಂಚೆ ಖಜಾಂಚಿಯವರನ್ನು ಕಂಡು ಮಾತಾಡಿ, ಸಭೆಯಲ್ಲಿ ದಿಢೀರನೆ ಎತ್ತಬೇಡಿ. ಕಾಣಿಕೆಯೇ ಸಾಲದ ಸಣ್ಣ ಸಭೆಗಳಲ್ಲಿ ಅಕ್ಕಪಕ್ಕದ ನಾಲ್ವರು ಪಾಸ್ಟರುಗಳು ಸೇರಿ ಒಂದೊಂದು ಪುಸ್ತಕ ಕೊಂಡು ಸುತ್ತಿಸಿಕೊಂಡರೆ ಸಾಕು. ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಫೋನಿನಲ್ಲಿ ಉಚಿತವಾಗಿ ತೆರೆಯುತ್ತದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ದೇವಶಾಸ್ತ್ರ ಅಲ್ಲಿ ಸಿಗುವುದಿಲ್ಲ, ಆದರೆ ಕನ್ನಡ ಸಿಗುತ್ತದೆ. ಅದೂ ನಮಗೆ ಬೇಕಾದದ್ದೇ.

ಹೆಜ್ಜೆ 3: ಪ್ರಸಂಗಕ್ಕಲ್ಲದೆ ವೇದ ಓದಿ

ಶನಿವಾರ ರಾತ್ರಿ ಭಾನುವಾರಕ್ಕೆ ವಚನ ಹುಡುಕುವುದನ್ನು ಓದು ಅನ್ನಲಾಗದು. ಒಂದು ಪುಸ್ತಕ ಆರಿಸಿ, ಮೂರು ತಿಂಗಳು ಅದರಲ್ಲೇ ಇರಿ. ಮೊದಲ ದಿನ ಅದನ್ನು ಕೂತ ಕಡೆಯೇ ಪೂರ್ತಿ, ಗಟ್ಟಿಯಾಗಿ ಓದಿ. ಮಾರ್ಕನ 16 ಅಧ್ಯಾಯ ಗಟ್ಟಿಯಾಗಿ ಓದಲು ಎರಡು ಗಂಟೆಯೂ ಬೇಡ. ಹಾಗೆ ಒಂದೇ ಉಸಿರಿನಲ್ಲಿ ಓದಿದವರಿಗೆ ಆ ಸುವಾರ್ತೆಯ ಓಟ ಗೊತ್ತಾಗುತ್ತದೆ, ಭಾನುವಾರದ ಆರಾಧನೆಗೆ ಗೊತ್ತುಮಾಡಿದ ಪಾಠಪಟ್ಟಿಯ ತುಣುಕುಗಳಲ್ಲಿ ಗೊತ್ತಾಗುವುದಿಲ್ಲ. ಎರಡನೆಯ ವಾರದಿಂದ ದಿನಕ್ಕೆ ಅರ್ಧ ಅಧ್ಯಾಯ. ಬೈಬಲ್ ಸೊಸೈಟಿಯ ಹಳೆಯ ‘ಸತ್ಯವೇದವು’, ಅದೇ ಸಂಸ್ಥೆಯ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್) ಅನುವಾದ, ಇತ್ತೀಚಿನ ಸರಳ ಅನುವಾದ, ಈ ಮೂರನ್ನೂ ಫೋನಿನಲ್ಲಿ ದುಡ್ಡಿಲ್ಲದೆ ಅಕ್ಕಪಕ್ಕ ಇಟ್ಟು ನೋಡಬಹುದು. ಮೂರರಲ್ಲಿ ಎಲ್ಲಿ ವ್ಯತ್ಯಾಸ ಕಾಣುತ್ತದೋ ಅಲ್ಲಿ ನಿಲ್ಲಿ. ವ್ಯಾಖ್ಯಾನದ ಪುಸ್ತಕ ತೆರೆಯುವ ಮುಂಚೆ ನಿಮ್ಮ ಪ್ರಶ್ನೆಗಳನ್ನು ಬರೆದಿಡಿ. ವ್ಯಾಖ್ಯಾನಕಾರರ ಪ್ರಶ್ನೆಗಳು ನಿಮ್ಮ ಸಭೆಯ ಪ್ರಶ್ನೆಗಳಾಗಿರಬೇಕೆಂದಿಲ್ಲ.

ಯಾವ ಪುಸ್ತಕ? ಮೊದಲ ಹೆಜ್ಜೆಯ ನೋಟ್‌ಬುಕ್ಕೇ ಹೇಳುತ್ತದೆ. ಸಾಲದ ಮಾತು ಹೆಚ್ಚಿದ್ದರೆ ನೆಹೆಮೀಯ ತೆಗೆಯಿರಿ. ಅದರ 5ನೇ ಅಧ್ಯಾಯದಲ್ಲಿ ಜನ ಹೊಲ, ದ್ರಾಕ್ಷಿತೋಟ, ಮನೆ ಅಡವಿಟ್ಟು ಕಾಳು ತಂದ ದೂರು ಇದೆ. ಆ ದೂರು ಕೇಳಿ ನೆಹೆಮೀಯ ಸಾಲ ಕೊಟ್ಟವರನ್ನೇ ಸಭೆ ಕರೆದು ಪ್ರಶ್ನಿಸುತ್ತಾನೆ. ಆಮೋಸನ 8ನೇ ಅಧ್ಯಾಯದಲ್ಲಿ ಮೋಸದ ತಕ್ಕಡಿ ಬರುತ್ತದೆ. ಕಬ್ಬಿನ ಲಾರಿಯ ಜೊತೆ ವೇಬ್ರಿಡ್ಜ್ ಮುಂದೆ ಕಾದು ನಿಂತ ರೈತನಿಗೆ ಆ ಅಧ್ಯಾಯವನ್ನು ನೀವು ವಿವರಿಸಬೇಕಾಗಿಲ್ಲ, ಅವನೇ ನಿಮಗೆ ವಿವರಿಸುತ್ತಾನೆ. ಒಂದು ಸಲ ಕೇಳಿ ನೋಡಿ. ಓದಿನ ಅರ್ಧ ಭಾಗ ಜಗಲಿಯ ಮೇಲೆ ನಡೆಯುತ್ತದೆ.

ಗ್ರೀಕ್, ಹೀಬ್ರೂ ಮರೆತುಹೋಗಿದೆ ಎಂದು ಕೊರಗುವವರಿಗೆ ಒಂದು ಮಾತು. ಗ್ರೀಕಿನಲ್ಲಿ 24 ಅಕ್ಷರ, ಹೀಬ್ರೂವಿನಲ್ಲಿ 22. ಕನ್ನಡದ ಒತ್ತಕ್ಷರ ಕಲಿತ ಕೈಗೆ ಇದು ದೊಡ್ಡದಲ್ಲ. ದಿನಕ್ಕೆ ಕಾಲು ಗಂಟೆ ಕೊಟ್ಟರೆ ಮಳೆಗಾಲ ಮುಗಿಯುವುದರೊಳಗೆ ನಿಘಂಟು ತೆರೆದು ಪದ ಹುಡುಕುವಷ್ಟು ವಾಪಸು ಬರುತ್ತದೆ. ಆದರೆ ಅದನ್ನು ಪ್ರಸಂಗದಲ್ಲಿ ಪ್ರದರ್ಶಿಸಲು ಹೋಗಬೇಡಿ.

ಹೆಜ್ಜೆ 4: ಬಾಯಿ, ಗಂಟಲು, ಕಿವಿ

ನಿಮ್ಮ ಪ್ರಸಂಗವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮಂಗಳವಾರ ಕೇಳಿ. ಹಿಂಸೆಯಾಗುತ್ತದೆ, ಆದರೂ ಕೇಳಿ. ‘ಪ್ರಿಯರೇ’ ಎಷ್ಟು ಸಲ ಬಂತು? ಹೇಳಲು ಏನೂ ಇಲ್ಲದ ಜಾಗದಲ್ಲೆಲ್ಲ ‘ಎಲ್ಲರೂ ಆಮೆನ್ ಹೇಳಿ’ ಬಂತೇ? ಪೀಠದ ಮೇಲಿನ ಕನ್ನಡವೇ ಒಂದು, ಕೆಳಗಿಳಿದ ಮೇಲೆ ಆಡುವ ಕನ್ನಡವೇ ಇನ್ನೊಂದು ಆಗಿದೆಯೇ? ಗ್ರಾಂಥಿಕ ಕನ್ನಡ ತಪ್ಪಲ್ಲ. ಆರಾಧನಾ ಕ್ರಮಕ್ಕೆ ಅದರದೇ ಗಾಂಭೀರ್ಯ ಬೇಕು. ಆದರೆ ಮಳವಳ್ಳಿಯ ಅಜ್ಜಿಗೆ ಕ್ಷಮೆಯ ವಿಷಯ ಹೇಳುವಾಗ ಅವರ ಬಾಯಿಯ ಮಾತು ನಿಮ್ಮ ಬಾಯಿಗೂ ಬರಬೇಕು. ಅದೇ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ನೆಲೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಕಥೆ ಹೇಳಿದರೆ ಜನ ಎದ್ದುಹೋಗುವುದಿಲ್ಲ. ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ ಮಾತಿನಿಂದ ಹಾಡಿಗೆ ದಾಟುತ್ತಾರೆ, ಕೇಳುವವರನ್ನು ಹೇಗೆ ಒಳಗೆ ಎಳೆದುಕೊಳ್ಳುತ್ತಾರೆ ಎಂದು ಗಮನಿಸಿ. ಪ್ರಸಂಗ ಕಲೆಯ ಯಾವ ತರಗತಿಯೂ ಅಷ್ಟು ಕಲಿಸುವುದಿಲ್ಲ. ಪಾಸ್ಟರು ಅಲ್ಲೇಕೆ ಹೋದರು ಎಂದು ಯಾರಾದರೂ ಕೇಳಿದರೆ, ಕಲಿಯಲು ಹೋಗಿದ್ದೆ ಅನ್ನಿ.

ಗಂಟಲಿನ ವಿಷಯವನ್ನು ನಮ್ಮವರು ಕೆಡುವ ತನಕ ಯೋಚಿಸುವುದಿಲ್ಲ. ಇಡೀ ರಾತ್ರಿಯ ಪ್ರಾರ್ಥನೆ, ಕಿವುಡಾಗುವಂಥ ಸ್ಪೀಕರ್, ಅದರ ಮೇಲೆ ಕೂಗು. ಮೈಕ್ ಇರುವುದೇ ಕೂಗದಿರಲಿ ಎಂದು. ಧ್ವನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಶುಂಠಿ–ಜೇನುತುಪ್ಪ ಬಿಟ್ಟು ವೈದ್ಯರ ಹತ್ತಿರ ಹೋಗಿ. ಮೈಸೂರಿನವರ ಭಾಗ್ಯ ಏನೆಂದರೆ, ದೇಶದವರೆಲ್ಲ ಹುಡುಕಿ ಬರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಧ್ವನಿಯ ತೊಂದರೆ ಪರೀಕ್ಷಿಸಿ ಉಸಿರಾಟದ, ಮಾತಿನ ಅಭ್ಯಾಸ ಹೇಳಿಕೊಡುತ್ತಾರೆ. ಶಿಕ್ಷಕರು, ಗಾಯಕರು ಹೋಗುತ್ತಾರೆ. ಸಭಾಪಾಲಕರೂ ಹೋಗಬಹುದು. ಅಂದಹಾಗೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಅದು ನಮಗೂ ಅನ್ವಯ.

ಹೆಜ್ಜೆ 5: ಈಗ ಕೋರ್ಸಿನ ಮಾತು

ಕನ್ನಡದಲ್ಲೇ ದೇವಶಾಸ್ತ್ರ ಓದಬೇಕೆಂದರೆ ಮೊದಲು ನೆನಪಾಗಬೇಕಾದದ್ದು ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. ಬಾಸೆಲ್ ಮಿಷನ್ನಿನ ಸೆಮಿನರಿ ಪರಂಪರೆ ಮತ್ತು ತುಮಕೂರಿನಲ್ಲಿದ್ದ ಯೂನಿಯನ್ ಕೆನರೀಸ್ ಸೆಮಿನರಿ ಸೇರಿ 1965ರಲ್ಲಿ ರೂಪುಗೊಂಡ ಸಂಸ್ಥೆ ಅದು. ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರದ ಸೆನೆಟ್‌ಗೆ ಸೇರಿದೆ. ಬೆಂಗಳೂರಿನಲ್ಲಿ 1910ರಿಂದ ಇರುವ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇದೆ. ಅಲ್ಲಿನ ಓದು ಇಂಗ್ಲಿಷಿನಲ್ಲಿ. ಸಭೆ ಬಿಟ್ಟು ಹಾಸ್ಟೆಲಿನಲ್ಲಿ ಇರಲು ಆಗದವರಿಗೆ ಎರಡು ದಾರಿ. ಒಂದು, ಸೆರಾಂಪುರ ಸೆನೆಟ್ ಅಂಚೆಯ ಮೂಲಕ ನಡೆಸುವ ಕ್ರೈಸ್ತ ಅಧ್ಯಯನದ ಡಿಪ್ಲೊಮಾ ಮತ್ತು ಪದವಿ. ಇನ್ನೊಂದು, 1971ರಿಂದ ಬೆಂಗಳೂರನ್ನು ಕೇಂದ್ರ ಮಾಡಿಕೊಂಡು ನಡೆಯುತ್ತಿರುವ ಟಾಫ್ಟಿ ಎಂಬ ದೇವಶಾಸ್ತ್ರ ಶಿಕ್ಷಣ ಸಂಸ್ಥೆ. ಮನೆಯಲ್ಲಿ ಪಾಠ ಓದಿ, ನಿಗದಿತ ದಿನ ಸಣ್ಣ ಗುಂಪಿನಲ್ಲಿ ಕೂತು ಚರ್ಚಿಸುವುದು ಅದರ ಕ್ರಮ. ಅಂಗಡಿ, ಆಟೊ ನಡೆಸುತ್ತ ಸಭೆ ನೋಡಿಕೊಳ್ಳುವವರಿಗೆ ಇದೇ ಹೊಂದುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಯಾವ ಹಂತದವರೆಗೆ ಕನ್ನಡದಲ್ಲಿ ಪಾಠ ಸಿಗುತ್ತದೆ, ಹತ್ತಿರದ ಗುಂಪು ಎಲ್ಲಿದೆ ಎಂದು ಸೇರುವ ಮುಂಚೆ ಕೇಳಿಕೊಳ್ಳಿ. ಕಥೋಲಿಕರಿಗೆ ಬೆಂಗಳೂರಿನಲ್ಲಿರುವ ಅವರದೇ ಅಧ್ಯಯನ ಕೇಂದ್ರಗಳಾದ ಎನ್.ಬಿ.ಸಿ.ಎಲ್.ಸಿ., ಧರ್ಮಾರಾಮ್ ವಿದ್ಯಾಕ್ಷೇತ್ರ ಗೊತ್ತಿರುವವೇ.

ಎಲ್ಲ ಓದೂ ದೇವಶಾಸ್ತ್ರವೇ ಆಗಬೇಕಿಲ್ಲ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ಸಮಾಜಶಾಸ್ತ್ರದಲ್ಲೋ ಕನ್ನಡದಲ್ಲೋ ಎಂ.ಎ. ಮಾಡಿದ ಸಭಾಪಾಲಕರು ತಮ್ಮ ಊರನ್ನೇ ಹೊಸ ಕಣ್ಣಿನಿಂದ ನೋಡಲು ಕಲಿಯುತ್ತಾರೆ. ಬೆಂಗಳೂರಿನ ರೈಲು ಹಿಡಿಯುವ ಮುಂಚೆ ಕಾಲಬುಡದಲ್ಲಿ ಏನಿದೆ ನೋಡಿ.

ಇನ್ನು ಡಾಕ್ಟರೇಟ್. ಫ್ಲೆಕ್ಸ್ ಬೋರ್ಡುಗಳಲ್ಲಿ ‘ರೆವರೆಂಡ್ ಡಾಕ್ಟರ್’ ಎಷ್ಟು ಹೆಚ್ಚಿದೆ ಎಂದು ನೀವೂ ನೋಡಿದ್ದೀರಿ. ದುಡ್ಡು ಕಟ್ಟಿದರೆ ಹೋಟೆಲಿನ ಹಾಲ್‌ನಲ್ಲಿ ಗೌನು ತೊಡಿಸಿ, ಫೋಟೊ ತೆಗೆದು, ಗೌರವ ಡಾಕ್ಟರೇಟ್ ಕೊಟ್ಟು ಕಳಿಸುವ ವ್ಯಾಪಾರ ನಡೆಯುತ್ತಿದೆ. 1956ರ ಯು.ಜಿ.ಸಿ. ಕಾಯ್ದೆಯ ಪ್ರಕಾರ ಡಿಗ್ರಿ ಕೊಡುವ ಅಧಿಕಾರ ಕಾನೂನಿನಂತೆ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ, ಆ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯು.ಜಿ.ಸಿ. ತಾನೇ ಪ್ರಕಟಿಸುತ್ತದೆ. ಬೈಬಲ್ ಕಾಲೇಜಾದರೆ ಸೆರಾಂಪುರ ಸೆನೆಟ್‌ಗೆ ಸೇರಿದೆಯೇ, ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್ನಿನ ಮಾನ್ಯತೆ ಇದೆಯೇ ಎಂದು ನೋಡಿ. ಇವೂ ಬೇರೆ ಬೇರೆ ಬಗೆಯ ಮಾನ್ಯತೆಗಳು. ಸೆರಾಂಪುರಕ್ಕೆ 1827ರ ರಾಜಶಾಸನ ಮತ್ತು 1918ರ ಸೆರಾಂಪುರ ಕಾಲೇಜು ಕಾಯ್ದೆಯ ಬಲವಿದೆ. ಇನ್ನೊಂದು ಸಭೆಗಳ, ಸೆಮಿನರಿಗಳ ನಡುವಿನ ಒಪ್ಪಂದ. ಪಾಠ ಮಾಡುವವರು ಯಾರು, ಪರೀಕ್ಷೆ ಇದೆಯೇ, ಗ್ರಂಥಾಲಯ ಇದೆಯೇ ಎಂಬ ಮೂರು ಪ್ರಶ್ನೆ ಕೇಳಿದರೆ ಅಂಗಡಿ ಯಾವುದು, ಶಾಲೆ ಯಾವುದು ಎಂದು ತಿಳಿಯುತ್ತದೆ.

ಹೆಜ್ಜೆ 6: ಕೇಳುವುದನ್ನು ಕಲಿಯಿರಿ

ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದುಬಾಯಿಸ್ ಹೆಸರಿನ ಹಳೆಯ ಚರ್ಚ್ ಇದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅವರು. 1823ರಲ್ಲಿ ಭಾರತ ಬಿಟ್ಟರು. ಸಿಡುಬಿನ ಲಸಿಕೆ ಆಗಿನ್ನೂ ಹೊಸದು, ಜನರಿಗೆ ಭಯ. ಅದನ್ನು ಮೈಸೂರು ಸೀಮೆಯಲ್ಲಿ ಹಬ್ಬಿಸಲು ಅವರು ದುಡಿದರು. ಅವರ ಬರಹಗಳಲ್ಲಿ ನಮ್ಮ ಜನರ ಬಗ್ಗೆ ಇರುವ ಎಷ್ಟೋ ಮಾತನ್ನು ನಾನು ಒಪ್ಪಲಾರೆ. ಆದರೆ ತನ್ನ ಜನ ಸಾಯುತ್ತಿದ್ದ ಕಾಯಿಲೆಗೆ ಬೇಕಾದ ವಿದ್ಯೆಯನ್ನು ಪಾದ್ರಿ ಕಲಿಯಬೇಕು ಎನ್ನುವುದು ಅವರಿಗೆ ಗೊತ್ತಿತ್ತು. ಇವತ್ತು ನಮ್ಮ ಸಭೆಗಳಲ್ಲಿ ಆ ಕಾಯಿಲೆ ಯಾವುದು ಎಂದರೆ, ಹೆಚ್ಚಿನ ಕಡೆ ಅದು ಮನಸ್ಸಿನದು, ಕುಡಿತದ್ದು, ಸಾಲದ್ದು.

ಆಸ್ಪತ್ರೆಗಳಲ್ಲಿ ರೋಗಿಗಳ ಜೊತೆ ಇದ್ದು ಕಲಿಯುವ ತರಬೇತಿ ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್) ಸಿಗುತ್ತದೆ. ಬಿಡುವು ಮಾಡಿಕೊಂಡು ಹೋಗಬಹುದಾದರೆ ಇದಕ್ಕಿಂತ ಉಪಯುಕ್ತವಾದದ್ದು ನನಗೆ ಗೊತ್ತಿಲ್ಲ. ಹೋಗಲಾಗದಿದ್ದರೆ ಅಲ್ಲಿ ಬಳಸುವ ಒಂದು ಉಪಕರಣವನ್ನು ಇಲ್ಲೇ ಬಳಸಿ. ಒಂದು ಭೇಟಿ ಮುಗಿದ ಮೇಲೆ, ಅದೇ ದಿನ, ನಡೆದ ಮಾತುಕತೆಯನ್ನು ನೆನಪಿದ್ದಷ್ಟು ಮಾತಿಗೆ ಮಾತು ಬರೆಯುವುದು. ಹೆಸರು, ಊರು, ಗುರುತು ಸಿಗುವ ವಿವರ ಬದಲಾಯಿಸಿ. ತೋರಿಸಲೆಂದು ಕಟ್ಟಿದ ಮಾದರಿ ಇಲ್ಲಿದೆ:

ಅಮ್ಮ: ರಾತ್ರಿಯೆಲ್ಲ ನಿದ್ದೆ ಇಲ್ಲ ಅಯ್ಯನವರೇ.
ಪಾಸ್ಟರ್: ದೇವರ ಮೇಲೆ ಭಾರ ಹಾಕಿ ಅಮ್ಮ, ಎಲ್ಲ ಸರಿಹೋಗುತ್ತೆ.
ಅಮ್ಮ: ಮಗ ಫೋನ್ ಮಾಡಿ ತಿಂಗಳಾಯ್ತು.
ಪಾಸ್ಟರ್: ಬನ್ನಿ, ಒಂದು ಕೀರ್ತನೆ ಓದೋಣ.

ಹೀಗೆ ಬರೆದಾಗಲೇ ಕಾಣುವುದು. ಆ ತಾಯಿ ಎರಡು ಸಲ ಬಾಗಿಲು ತೆರೆದರು, ಪಾಸ್ಟರು ಎರಡು ಸಲವೂ ಮುಚ್ಚಿದರು. ಅದಕ್ಕೆ ಬಳಸಿದ್ದು ದೇವರ ಹೆಸರನ್ನು, ವೇದದ ಪುಸ್ತಕವನ್ನು. ಪಕ್ಕದಲ್ಲಿ ಇನ್ನೊಂದು ಶಾಯಿಯಲ್ಲಿ ಬರೆಯಿರಿ: ‘ತಿಂಗಳಾಯ್ತಾ? ಕೊನೇ ಸಲ ಏನು ಮಾತಾಡಿಕೊಂಡ್ರಿ?’ ಎಂದು ಕೇಳಿದ್ದರೆ? ಕೀರ್ತನೆ ಎಲ್ಲಿಗೂ ಹೋಗುವುದಿಲ್ಲ, ಹತ್ತು ನಿಮಿಷ ಬಿಟ್ಟು ಓದಬಹುದಿತ್ತು. ಆಗ ಅದು ಆ ತಾಯಿಯ ಕೀರ್ತನೆಯಾಗಿರುತ್ತಿತ್ತು. ಇಂಥ ನಾಲ್ಕು ಬರಹವನ್ನು ಎಂಟನೆಯ ಹೆಜ್ಜೆಯಲ್ಲಿ ಹೇಳುವ ಗೆಳೆಯರ ಮುಂದೆ ಓದಿದರೆ, ನಿಮ್ಮ ರೂಢಿ ಏನು ಎಂದು ನಿಮಗೇ ತಿಳಿಯುತ್ತದೆ. ಕೆಲವರು ಉಪದೇಶಕ್ಕೆ ಓಡುತ್ತಾರೆ, ಕೆಲವರು ತಮ್ಮದೇ ಕಥೆಗೆ, ಕೆಲವರು ವಾಚಿಗೆ.

ನಿಮ್ಮ ಮಿತಿ ತಿಳಿಯುವುದೂ ಓದೇ. ಮೂರ್ಛೆರೋಗಕ್ಕೆ, ಮನೋರೋಗಕ್ಕೆ ಕೊಟ್ಟ ಮಾತ್ರೆಯನ್ನು ‘ವಿಶ್ವಾಸ ಇದ್ದರೆ ನಿಲ್ಲಿಸಿ’ ಎಂದು ಹೇಳುವ ಹಕ್ಕು ಯಾವ ಪಾಸ್ಟರಿಗೂ ಇಲ್ಲ. ಹಾಗೆ ಹೇಳಿ ಆಗುವ ಅನಾಹುತಕ್ಕೆ ದೇವರನ್ನು ಹೊಣೆ ಮಾಡಬೇಡಿ. ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲೂ, ಹಗಲೂ ರಾತ್ರಿಯೂ ಸಿಗುತ್ತದೆ. ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಇವನ್ನು ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಆರಾಧನೆಯ ವೇಳಾಪಟ್ಟಿಯ ಪಕ್ಕದಲ್ಲೇ ಹಾಕಿ. ಯಾರಾದರೂ ಸಾಯುವ ಮಾತಾಡಿದರೆ ಗದರಬೇಡಿ, ಪಾಪದ ಪಟ್ಟಿ ಓದಬೇಡಿ. ‘ಸಾಯಬೇಕು ಅನ್ನಿಸ್ತಾ ಇದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. ಒಂಟಿಯಾಗಿ ಬಿಡದೆ, ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಕಾನೂನೇ ಇಷ್ಟು ಮೆತ್ತಗಾಗಿರುವಾಗ, ಹಾಗೆ ತೀರಿಕೊಂಡವರ ಶವಸಂಸ್ಕಾರಕ್ಕೆ ಹಿಂದೆಮುಂದೆ ನೋಡುವ ಸಭೆಗಳು ಸ್ವಲ್ಪ ಯೋಚಿಸಬೇಕು.

ಹೆಜ್ಜೆ 7: ಕಾಗದಪತ್ರದ ಓದು

ಬೇಸರದ ವಿಷಯ, ಬೇಗ ಹೇಳುತ್ತೇನೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಬಿಷಪರಿಂದ ಅಭಿಷೇಕ ಪಡೆದವರು ಮದುವೆ ಮಾಡಿಸಬಹುದು. ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ ಸರ್ಕಾರದ ಲೈಸೆನ್ಸ್ ಬೇಕು. ಅಧಿಕಾರವಿಲ್ಲದೆ ಮಾಡಿಸಿದರೆ 68ನೇ ಕಲಂನಲ್ಲಿ ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿದ ದಾಖಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಮನೆಯವರ ಬಾಯಿಮಾತು ಸಾಲದು. ಸಂಡೆ ಸ್ಕೂಲ್ ನಡೆಸುವವರು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಓದಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಅದೂ ಅಪರಾಧ. ‘ಸಭೆಯೊಳಗೇ ಸರಿಮಾಡಿಕೊಳ್ಳೋಣ’ ಎನ್ನುವ ಹಿರಿಯರಿಗೆ ಆ ಕಲಂ ತೋರಿಸಿ. ಬಲವಂತದ ಸಾಲ ವಸೂಲಿ ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ ಎನ್ನುವುದು ಗೊತ್ತಿದ್ದರೆ ಸಂಘದ ಸಾಲದ ಮನೆಗೆ ಬರಿಗೈಯಲ್ಲಿ ಹೋದಂತಾಗುವುದಿಲ್ಲ. ಸಭೆಯ ಲೆಕ್ಕ ನೋಡಲು ಬಾರದವರು ಒಬ್ಬ ಲೆಕ್ಕಪರಿಶೋಧಕರ ಜೊತೆ ಒಂದು ಮಧ್ಯಾಹ್ನ ಕೂತು ಕಲಿಯಿರಿ. ಕಾಣಿಕೆಯ ಜಗಳಗಳಲ್ಲಿ ಅರ್ಧದಷ್ಟು ಕಳ್ಳತನದಿಂದ ಹುಟ್ಟಿದವಲ್ಲ, ರಸೀದಿ ಬರೆಯದೆ ಹುಟ್ಟಿದವು.

ಹೆಜ್ಜೆ 8: ಐದಾರು ಜನ ಸೇರಿ

ಒಬ್ಬರೇ ಓದುವ ಪಾಸ್ಟರು ಎರಡನೆಯ ವರ್ಷಕ್ಕೆ ನಿಲ್ಲಿಸುತ್ತಾರೆ. ಐದು–ಆರು ಜನ ಸಾಕು. ಒಂದೇ ಪಂಗಡದವರಾದರೆ ಬೇಗನೆ ಟ್ರಾನ್ಸ್‌ಫರ್, ಚುನಾವಣೆ, ಬಿಷಪರ ಸುದ್ದಿಗೆ ಇಳಿಯುತ್ತದೆ. ಆದ್ದರಿಂದ ಕಲಬೆರಕೆ ಮಾಡಿ. ಒಬ್ಬ ಸಿ.ಎಸ್.ಐ., ಒಬ್ಬ ಪೆಂತೆಕೋಸ್ತ್, ಒಪ್ಪಿದರೆ ಒಬ್ಬ ಫಾದರ್. ಮೈಸೂರಿನವರೂ ಮಂಡ್ಯದವರೂ ಇದ್ದರೆ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ರೈಲಿನಲ್ಲಿ ಒಂದು ಗಂಟೆಯ ದಾರಿ. ಸೋಮವಾರ ಹತ್ತರಿಂದ ಒಂದರವರೆಗೆ. ಮೊದಲ ಗಂಟೆ ಓದಿದ ಅಧ್ಯಾಯ, ಎರಡನೆಯ ಗಂಟೆ ಒಬ್ಬರ ಭೇಟಿಯ ಬರಹ, ಮೂರನೆಯ ಗಂಟೆ ಪ್ರಾರ್ಥನೆ, ಆಮೇಲೆ ಊಟ. ಫೋನ್ ಬ್ಯಾಗಿನಲ್ಲಿರಲಿ. ಕೇಳಿದ್ದು ಹೊರಗೆ ಹೋಗಬಾರದು. ‘ಪ್ರಾರ್ಥನೆ ಮಾಡಿ’ ಎಂಬ ನೆಪದಲ್ಲೂ ಹೋಗಬಾರದು. ಆ ನೆಪದಲ್ಲೇ ನಮ್ಮಲ್ಲಿ ಹೆಚ್ಚು ಗುಟ್ಟು ಹೊರಬೀಳುವುದು.

ಮೂರು ತಿಂಗಳಿಗೆ ಒಂದು ದಿನ ಮೌನದಲ್ಲಿರಿ. ಚಾಮುಂಡಿ ಬೆಟ್ಟದ ಬುಡದ ಅಂಜಲಿ ಆಶ್ರಮ ಇಂಥದಕ್ಕೆ ಹೆಸರಾದದ್ದು. ಅದನ್ನು ಕಟ್ಟಿದ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಬೆಂಗಳೂರಿನ ಎನ್.ಬಿ.ಸಿ.ಎಲ್.ಸಿ.ಯ ಸ್ಥಾಪಕ ನಿರ್ದೇಶಕರಾಗಿದ್ದವರು. ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನವನ್ನು ಬೆಳೆಸಿದವರೂ ಅವರೇ. ಪ್ರಾಟೆಸ್ಟೆಂಟರಿಗೆ ಸಂಕೋಚವಾದರೆ ಕೆ.ಆರ್.ಎಸ್. ಹಿನ್ನೀರಿನ ದಂಡೆ ಯಾವ ಪಂಗಡಕ್ಕೂ ಸೇರಿಲ್ಲ.

ದೇಹದ ಬಗ್ಗೆಯೂ ಹೇಳಬೇಕು. ಮನೆಭೇಟಿಗೆ ಹೋದಲ್ಲೆಲ್ಲ ಕಾಫಿ, ಕೇಕ್, ಹೋಳಿಗೆ. ಬೇಡ ಎಂದರೆ ‘ನಮ್ಮನೇಲಿ ತಿನ್ನಲ್ವಾ ಅಯ್ಯನವರೇ?’ ಎನ್ನುತ್ತಾರೆ. ಐವತ್ತು ದಾಟುವ ಮುಂಚೆಯೇ ಸಕ್ಕರೆ ಕಾಯಿಲೆ, ಬಿ.ಪಿ. ಬರುವುದು ಹೀಗೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ವಿ.ಸಿ. ನಾಲೆಯ ದಂಡೆಯ ಮೇಲೋ ನಡೆಯಿರಿ. ನಡೆಯುತ್ತ ಭಾನುವಾರದ ಮಾತೂ ಹದವಾಗುತ್ತದೆ.

ಅಮ್ಮನವರ, ಅಂದರೆ ಪಾಸ್ಟರ ಹೆಂಡತಿಯ, ಓದಿನ ಬಗ್ಗೆ ಯಾರೂ ಕೇಳುವುದಿಲ್ಲ. ಸ್ತ್ರೀಯರ ಕೂಟ, ಸಂಡೆ ಸ್ಕೂಲ್, ಬಂದವರಿಗೆಲ್ಲ ಅಡುಗೆ, ಅಳುತ್ತ ಬಂದವರಿಗೆ ಸಮಾಧಾನ, ಎಲ್ಲ ಅವರ ಪಾಲಿಗೆ. ಪಾಸ್ಟರಿಗೆ ಹೇಳಲಾಗದ್ದನ್ನು ಹೆಂಗಸರು ಅವರಿಗೆ ಹೇಳುತ್ತಾರೆ. ಪುಸ್ತಕದ ದುಡ್ಡಿನಲ್ಲಿ, ತರಬೇತಿಯ ಸೀಟಿನಲ್ಲಿ ಅವರಿಗೂ ಪಾಲು ಇರಲಿ. ಅವರು ಓದಲು ಹೋದ ದಿನ ಮನೆಗೆ ಬಂದವರಿಗೆ ಕಾಫಿ ಮಾಡುವುದನ್ನು ಅಯ್ಯನವರು ಕಲಿಯಬಹುದು. ಅದಕ್ಕೂ ಕೋರ್ಸ್ ಬೇಡ.

ಹೆಜ್ಜೆ 9: ನವೆಂಬರ್ ಮೊದಲ ವಾರ

ಕ್ಯಾರೊಲ್ ಗದ್ದಲ ಶುರುವಾಗುವ ಮುಂಚೆ ಮೂವರನ್ನು ಬೇರೆ ಬೇರೆಯಾಗಿ ಕೇಳಿ: ಸಭೆಯ ಒಬ್ಬ ಹಿರಿಯರು, ಇಪ್ಪತ್ತೈದರ ಒಳಗಿನ ಒಬ್ಬರು, ನಿಮ್ಮ ಮನೆಯವರು. ‘ಈ ವರ್ಷ ನನ್ನಲ್ಲಿ ಏನಾದರೂ ಬದಲಾಗಿದೆಯಾ?’ ಎಂದಷ್ಟೇ ಕೇಳಿ, ಸುಮ್ಮನಿರಿ. ಸಮರ್ಥನೆ ಕೊಡಬೇಡಿ. ‘ಪ್ರಸಂಗ ಚೆನ್ನಾಗಿದೆ ಅಯ್ಯನವರೇ’ ಎನ್ನುವ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದನ್ನು ಎಲ್ಲ ಪಾಸ್ಟರಿಗೂ ಹೇಳುತ್ತಾರೆ. ‘ಮೊದಲು ಅರ್ಧದಲ್ಲೇ ಮಾತು ತಡೀತಿದ್ರಿ, ಈಗ ಪೂರ್ತಿ ಕೇಳ್ತೀರ’ ಎನ್ನುವಂಥ ಒಂದೇ ಒಂದು ಮಾತು ಬಂದರೆ ಬರೆದುಕೊಳ್ಳಿ. ಏನೂ ಬರದಿದ್ದರೆ, ಮುಂದಿನ ಜೂನ್‌ಗೆ ಹೊಸ ವಿಷಯ ಬೇಡ. ಅದನ್ನೇ ಬೇರೆ ಪುಸ್ತಕದಿಂದ, ಬೇರೆ ಗುರುವಿನಿಂದ ಇನ್ನೊಂದು ವರ್ಷ ಓದಿ. ವರ್ಗಾವಣೆಯಾಗಿ ಬೇರೆ ಸಭೆಗೆ ಹೋದರೆ ನೋಟ್‌ಬುಕ್ ಜೊತೆಗಿರಲಿ, ಆದರೆ ಅಲ್ಲಿಯ ಮೊದಲ ನಾಲ್ಕು ಸೋಮವಾರ ಹೊಸ ಹಾಳೆಯಲ್ಲೇ ಬರೆಯಿರಿ. ಅಲ್ಲಿನ ಜನರ ಪ್ರಶ್ನೆಗಳು ಬೇರೆ ಇರುತ್ತವೆ.